ಲೀಟರಿಗೆ 800 ಕಿಲೋಮೀಟರ್: ಅಟ್ಲಾಂಟಿಕ್ ದಾಟಿದ ಪುಟ್ಟ ಇಂಜಿನ್ನಿನ ಕಥೆ

(ಆಡಿಯೊ ಸಂಚಿಕೆಯ ಬರಹ ರೂಪ)

ಮೆಟ್ರೋದಲ್ಲಿ ನಿಂತ್ಕೊಂಡು ಕೇಳ್ತಿದ್ದೀರೋ, ರಾತ್ರಿ ಲೈಟ್ ಆರಿಸಿ ಮಲಗಿಕೊಂಡು ಕೇಳ್ತಿದ್ದೀರೋ ಗೊತ್ತಿಲ್ಲ. ಎಲ್ಲೇ ಇರಿ, ಇವತ್ತಿನ ಸಂಚಿಕೆಯನ್ನು ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದೆ. ಏರ್ ವಿಂಗ್ ಅಂದ ತಕ್ಷಣ ನಾವೇ ವಿಮಾನ ಓಡಿಸ್ತಿದ್ವಿ ಅಂದುಕೊಳ್ಳಬೇಡಿ. ನನ್ನ ಪಾಲಿಗೆ ಬಂದಿದ್ದು ಏರೋಮಾಡೆಲಿಂಗ್. ಬಾಲ್ಸಾ ಮರದ ಒಂದು ಪುಟ್ಟ ವಿಮಾನ. ಅದರ ಮೂತಿಗೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಇಂಜಿನ್. ರೆಕ್ಕೆಯ ತುದಿಯಿಂದ ಎರಡು ತೆಳ್ಳನೆಯ ಉಕ್ಕಿನ ತಂತಿ. ಮೈದಾನದ ಮಧ್ಯೆ ಒಬ್ಬ ಆ ತಂತಿಗಳ ಹಿಡಿಕೆ ಹಿಡಿದು ನಿಲ್ತಾನೆ, ವಿಮಾನ ಗಾಣದ ಎತ್ತಿನ ಹಾಗೆ ಅವನ ಸುತ್ತ ಸುತ್ತುತ್ತೆ. ಇದಕ್ಕೆ ಕಂಟ್ರೋಲ್ ಲೈನ್ ಅಂತಾರೆ.

ನನ್ನ ಕೆಲಸ ಇಂಜಿನ್ ಸ್ಟಾರ್ಟ್ ಮಾಡಿ, ಟ್ಯೂನ್ ಮಾಡಿ ಬಿಡೋದು. ಅದರಲ್ಲಿ ಒಂದೇ ಒಂದು ತಿರುಪು, ನೀಡಲ್ ವಾಲ್ವ್. ಒಳಗೆ ತಿರುಗಿಸಿದರೆ ಇಂಧನ ಕಡಿಮೆ, ಹೊರಗೆ ತಿರುಗಿಸಿದರೆ ಜಾಸ್ತಿ. ಒಳಗೆ ತಿರುಗಿಸ್ತಾ ಹೋದ ಹಾಗೆ ಶಬ್ದ ಏರುತ್ತೆ. ಗುರ್ ಗುರ್ ಅನ್ನುತ್ತಿದ್ದದ್ದು ಝೇಂಕಾರ ಆಗುತ್ತೆ, ಆಮೇಲೆ ಕಿವಿ ಸೀಳುವ ಒಂದೇ ಸ್ವರ. ಅವತ್ತು ಕಾಲೇಜಿನ ಕಾರ್ಯಕ್ರಮ, ಸುತ್ತ ಜನ. ಇನ್ನೊಂದು ಕ್ಲಿಕ್ ತಿರುಗಿಸಿದೆ. ಇನ್ನೊಂದು. ಆಹಾ, ಎಂಥಾ ಶಬ್ದ! ಬಿಟ್ಟೆ.

ವಿಮಾನ ಐದಾರು ಸುತ್ತು ಹೊಡೀತು. ಶಬ್ದ ಇನ್ನೂ ಮೇಲಕ್ಕೆ ಹೋಯ್ತು, ಆಮೇಲೆ ಕತ್ತರಿಸಿದ ಹಾಗೆ ನಿಂತುಹೋಯ್ತು. ಕೆಳಗಿಳಿದ ಮೇಲೆ ಪ್ರೊಪೆಲರ್ ತಿರುಗಿಸಿ ನೋಡಿದರೆ ಅಲ್ಲಾಡಲಿಲ್ಲ. ಇಂಜಿನ್ ಸೀಜ್. ಆ ವರ್ಷ ನಮ್ಮ ಹತ್ತಿರ ಓಡುವ ಸ್ಥಿತಿಯಲ್ಲಿದ್ದ ಇಂಜಿನ್ ಅದೊಂದೇ.

ನಮಗೆ ಹೇಳಿಕೊಡ್ತಿದ್ದ ಸರ್ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಅವರು ಕೇಳಿದ್ದು ಇಷ್ಟೇ: "ಶಬ್ದ ಕೇಳ್ಕೊಂಡೆ. ಹೊಗೆ ನೋಡ್ದ್ಯೇನೋ?"

ನೋಡಿರಲಿಲ್ಲ. ಹೊಗೆ ಯಾಕೆ ನೋಡಬೇಕು ಅನ್ನೋದೇ ಗೊತ್ತಿರಲಿಲ್ಲ.

ಆ ಪ್ರಶ್ನೆ ಹಿಡ್ಕೊಂಡು ನಾನು ಈ ಪುಟ್ಟ ಇಂಜಿನ್‌ಗಳ ಚರಿತ್ರೆ ಓದೋಕೆ ಶುರು ಮಾಡಿದೆ. ಓದ್ತಾ ಹೋದ ಹಾಗೆ ಗೊತ್ತಾಗಿದ್ದು, ನಾನು ಮಾಡಿದ ತಪ್ಪು ನನ್ನೊಬ್ಬನದಲ್ಲ ಅಂತ. ಇಂಜಿನ್ ಟ್ಯೂನ್ ಮಾಡೋದು ಅಂದ್ರೆ ಜಾಸ್ತಿ ಸ್ಪೀಡು, ಜಾಸ್ತಿ ಶಬ್ದ ಅಂತ ಎಷ್ಟೋ ಜನ ನಂಬಿದ್ದಾರೆ. ಆದರೆ ಈ ಚರಿತ್ರೆಯ ದೊಡ್ಡ ಗೆಲುವುಗಳಲ್ಲಿ ಒಂದು, ಇಂಜಿನ್ನನ್ನು ನಿಧಾನ ಮಾಡಿದವರದ್ದು. ಅವರ ಕಥೆಗೆ ಬರೋಣ. ಅದಕ್ಕೂ ಮೊದಲು 1930ರ ದಶಕದ ಅಮೆರಿಕಕ್ಕೆ ಹೋಗಬೇಕು.

ಎರಡು ಹಿಡಿತ, ಆಮೇಲೆ ಒಂದೇ ಹಿಡಿತ

ಆಗ ಮಾಡೆಲ್ ವಿಮಾನಗಳು ಹಾರುತ್ತಿದ್ದದ್ದು ಹೆಚ್ಚಾಗಿ ರಬ್ಬರಿನಿಂದ. ರಬ್ಬರ್ ಪಟ್ಟಿಯನ್ನು ಸುತ್ತಿ ಸುತ್ತಿ ಹುರಿ ಮಾಡಿ ಬಿಟ್ಟರೆ, ಅದು ಬಿಚ್ಚಿಕೊಳ್ಳುವಾಗ ಪ್ರೊಪೆಲರ್ ತಿರುಗುತ್ತೆ. ಪೆಟ್ರೋಲ್ ಇಂಜಿನ್ ಪ್ರಯೋಗಗಳು ಅಲ್ಲಲ್ಲಿ ನಡೆದಿದ್ದವು, ಆದರೆ ಸಾಮಾನ್ಯ ಹುಡುಗರ ಕೈಗೆ ಸಿಗುವಂಥದ್ದು ಇರಲಿಲ್ಲ.

ಫಿಲಡೆಲ್ಫಿಯಾದಲ್ಲಿ ಬಿಲ್ ಬ್ರೌನ್ ಅಂತ ಒಬ್ಬ ಹುಡುಗ ಒಂದು ಪುಟ್ಟ ಪೆಟ್ರೋಲ್ ಇಂಜಿನ್ ಮಾಡಿದ. ಸುಮಾರು 10 ಸಿಸಿ, ಟೂ ಸ್ಟ್ರೋಕ್, ಸ್ಪಾರ್ಕ್ ಪ್ಲಗ್ ಇರುವಂಥದ್ದು. ಅವನ ಗೆಳೆಯ ಮ್ಯಾಕ್ಸ್‌ವೆಲ್ ಬ್ಯಾಸೆಟ್ ಆ ಇಂಜಿನ್ ಕೂರಿಸಿದ ವಿಮಾನಗಳನ್ನು ಅಮೆರಿಕದ ರಾಷ್ಟ್ರೀಯ ಸ್ಪರ್ಧೆಗೆ ಒಯ್ದ. 1933ರಲ್ಲಿ ರಬ್ಬರ್ ವಿಮಾನಗಳ ಎದುರು ನಿಂತು ಮುಖ್ಯ ಟ್ರೋಫಿಗಳನ್ನೆಲ್ಲ ಬಾಚಿಕೊಂಡ. ಸ್ಪರ್ಧೆ ನಡೆಸುವವರು ಬೇರೆ ದಾರಿ ಕಾಣದೆ ಪೆಟ್ರೋಲ್ ವಿಮಾನಗಳಿಗೆ ಪ್ರತ್ಯೇಕ ವಿಭಾಗವನ್ನೇ ಮಾಡಬೇಕಾಯಿತು. ಬ್ರೌನ್ ಜೂನಿಯರ್ ಅನ್ನುವ ಹೆಸರಲ್ಲಿ ಆ ಇಂಜಿನ್ ಅಂಗಡಿಗೆ ಬಂತು. ಒಂದು ಹವ್ಯಾಸ ಹುಟ್ಟಿದ್ದು ಹಾಗೆ.

ಈ ಇಂಜಿನ್‌ನಲ್ಲಿ ಟ್ಯೂನ್ ಮಾಡುವವರ ಕೈಗೆ ಎರಡು ಹಿಡಿತ ಇತ್ತು. ಒಂದು ನೀಡಲ್, ಎಷ್ಟು ಇಂಧನ ಅನ್ನೋದಕ್ಕೆ. ಇನ್ನೊಂದು ಟೈಮರ್, ಯಾವ ಕ್ಷಣಕ್ಕೆ ಕಿಡಿ ಹಾರಬೇಕು ಅನ್ನೋದಕ್ಕೆ. ಆದರೆ ಕಿಡಿ ಬೇಕಂದ್ರೆ ಬ್ಯಾಟರಿ ಬೇಕು, ಕಾಯಿಲ್ ಬೇಕು, ಕಂಡೆನ್ಸರ್ ಬೇಕು. ಇಷ್ಟೆಲ್ಲ ಹೊತ್ತುಕೊಂಡು ಹಾರಬೇಕು. ಮದುವೆಗೆ ಹೋಗುವವರು ಪಾತ್ರೆ ಪಗಡ ಹೊತ್ತುಕೊಂಡು ಹೋದ ಹಾಗೆ.

1947ರಲ್ಲಿ ಅಮೆರಿಕದ ರೇ ಆರ್ಡೆನ್ ಆ ಹೊರೆ ಇಳಿಸಿದರು. ಅವರು ಮಾರುಕಟ್ಟೆಗೆ ತಂದದ್ದು ಗ್ಲೋ ಪ್ಲಗ್. ಅದರೊಳಗೆ ಪ್ಲಾಟಿನಂ ಇರುವ ತಂತಿಯ ಒಂದು ಸುರುಳಿ. ಸ್ಟಾರ್ಟ್ ಮಾಡುವಾಗ ಮಾತ್ರ ಸಣ್ಣ ಬ್ಯಾಟರಿ ತಾಗಿಸಿ ಅದನ್ನು ಕೆಂಪಗೆ ಕಾಯಿಸಬೇಕು. ಇಂಜಿನ್ ಓಡೋಕೆ ಶುರುವಾದರೆ ಬ್ಯಾಟರಿ ತೆಗೆದುಬಿಡಬಹುದು. ಆಮೇಲೆ ಸುರುಳಿ ಕೆಂಪಗೆ ಉಳಿಯೋದು ಹೇಗೆ? ಇಂಧನದಲ್ಲಿರೋದು ಮೆಥನಾಲ್. ಮೆಥನಾಲ್ ಆವಿ ಬಿಸಿ ಪ್ಲಾಟಿನಂಗೆ ತಾಗಿದರೆ ಅಲ್ಲೇ ರಾಸಾಯನಿಕ ಕ್ರಿಯೆ ನಡೆದು ಶಾಖ ಹುಟ್ಟುತ್ತೆ. ಪ್ರತಿ ಸುತ್ತಿನ ಉರಿಯ ಬಿಸಿಯೂ ಅದಕ್ಕೆ ಸೇರುತ್ತೆ. ಬ್ಯಾಟರಿ ಇಲ್ಲ, ಕಾಯಿಲ್ ಇಲ್ಲ. ವಿಮಾನ ಹಗುರ.

ಕಳೆದುಕೊಂಡದ್ದು ಏನು ಅಂತ ಗಮನಿಸಿದ್ರಾ? ಟೈಮರ್ ಹೋಯ್ತು. ಯಾವಾಗ ಹೊತ್ತಿಕೊಳ್ಳಬೇಕು ಅಂತ ಹೇಳೋಕೆ ಈಗ ನೇರವಾದ ದಾರಿ ಇಲ್ಲ. ಪ್ಲಗ್ಗಿನ ಬಿಸಿ, ಸಿಲಿಂಡರಿನ ಒತ್ತಡ, ಇಂಧನ ಮತ್ತು ಗಾಳಿಯ ಪ್ರಮಾಣ, ಇವೆಲ್ಲ ಸೇರಿ ಅದನ್ನು ತೀರ್ಮಾನಿಸುತ್ತವೆ. ಮೈದಾನದಲ್ಲಿ ನಿಂತವನ ಕೈಗೆ ಉಳಿದದ್ದು ನೀಡಲ್ ಒಂದೇ. ನನ್ನ ಕೈಲಿ ಇದ್ದದ್ದೂ ಅದೇ.

ಹರಳೆಣ್ಣೆ ಹೇಳುವ ಮಾತು

ಈಗ ಸರ್ ಕೇಳಿದ ಹೊಗೆಯ ವಿಷಯ.

ಗ್ಲೋ ಇಂಜಿನ್ನಿನ ಇಂಧನದಲ್ಲಿ ಮುಖ್ಯವಾಗಿ ಎರಡು ವಸ್ತು. ಒಂದು ಮೆಥನಾಲ್. ಇನ್ನೊಂದು ಏನು ಗೊತ್ತಾ? ಹರಳೆಣ್ಣೆ! ಅಜ್ಜಿ ತಲೆಗೆ ತಟ್ಟುತ್ತಿದ್ದರಲ್ಲ, ಅದೇ. ಈಗ ಸಿಂಥೆಟಿಕ್ ಎಣ್ಣೆಗಳೂ ಬಂದಿವೆ, ಆದರೆ ಹರಳೆಣ್ಣೆಗೆ ಇರುವ ಗೌರವ ಹೋಗಿಲ್ಲ. ಅದು ಮೆಥನಾಲ್‌ನಲ್ಲಿ ಕರಗುತ್ತೆ, ಸುಡುಬಿಸಿಯಲ್ಲೂ ಲೋಹಕ್ಕೆ ಅಂಟಿಕೊಂಡು ಕಾಪಾಡುತ್ತೆ. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಇಂಜಿನ್‌ಗಳೂ ಹರಳೆಣ್ಣೆ ಕುಡಿದೇ ಹಾರಿದ್ದು. ಕ್ಯಾಸ್ಟ್ರಾಲ್ ಅನ್ನುವ ಹೆಸರು ಬಂದಿರೋದು ಕ್ಯಾಸ್ಟರ್ ಆಯಿಲ್‌ನಿಂದಲೇ.

ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಎಣ್ಣೆಗೆ ಬೇರೆ ಟ್ಯಾಂಕ್ ಇಲ್ಲ. ಇಂಧನದ ಜೊತೆಯಲ್ಲೇ ಬೆರೆತು ಒಳಗೆ ಹೋಗುತ್ತೆ, ಪಿಸ್ಟನ್‌ಗೆ ಸವರಿ, ಸೈಲೆನ್ಸರಿನಿಂದ ಬಿಳಿ ಹೊಗೆಯಾಗಿ ಹೊರಗೆ ಬರುತ್ತೆ. ಅಂದ್ರೆ ಇಂಧನ ಕಡಿಮೆ ಮಾಡಿದರೆ ಎಣ್ಣೆಯೂ ಕಡಿಮೆ. ಮೆಥನಾಲ್ ಆವಿಯಾಗುವಾಗ ಇಂಜಿನ್ನನ್ನು ತಣ್ಣಗೂ ಮಾಡುತ್ತೆ, ಆ ತಂಪೂ ಕಡಿಮೆ. ಶಬ್ದ ಏರುತ್ತಿದೆ ಅಂತ ನಾನು ಖುಷಿಪಡುತ್ತಿದ್ದಾಗ ಒಳಗೆ ಪಿಸ್ಟನ್ ಬಾಯಾರಿ ಸಾಯುತ್ತಿತ್ತು. ವಿಮಾನದ ಹಿಂದೆ ತೆಳ್ಳಗೆ ಒಂದು ಹೊಗೆಯ ಗೆರೆ ಕಾಣುತ್ತಿದ್ದರೆ ಎಣ್ಣೆ ಹೋಗ್ತಾ ಇದೆ ಅಂತ ಅರ್ಥ. ಗೆರೆ ಇಲ್ಲ ಅಂದ್ರೆ ಅಪಾಯ.

ಹಾಗಾದರೆ ಸರಿಯಾಗಿ ಟ್ಯೂನ್ ಮಾಡೋದು ಹೇಗೆ? ಹಳಬರ ಕ್ರಮ ಇದು. ನೀಡಲ್ ಒಳಗೆ ತಿರುಗಿಸ್ತಾ ಶಬ್ದ ಎಲ್ಲಿಯವರೆಗೆ ಏರುತ್ತೋ ಆ ತುದಿಯನ್ನು ಮೊದಲು ಹುಡುಕಬೇಕು. ಸಿಕ್ಕಿದ ಮೇಲೆ ಅಲ್ಲಿ ನಿಲ್ಲಬಾರದು, ಒಂದೆರಡು ಕ್ಲಿಕ್ ವಾಪಸ್ ಬರಬೇಕು. ಆಮೇಲೆ ಇಂಧನದ ಕೊಳವೆಯನ್ನು ಬೆರಳಲ್ಲಿ ಒಂದು ಕ್ಷಣ ಚಿವುಟಿ ಬಿಡಬೇಕು. ಚಿವುಟಿದಾಗ ಶಬ್ದ ಸ್ವಲ್ಪ ಏರಿ ಮತ್ತೆ ಇಳಿದರೆ ಸರಿ, ಇಂಧನ ಸ್ವಲ್ಪ ಹೆಚ್ಚೇ ಇದೆ. ಏರದೆ ಕುಸಿದರೆ ಆಗಲೇ ಇಂಧನ ಕಡಿಮೆ ಇತ್ತು ಅಂತ. ಕೊನೆಗೆ ವಿಮಾನದ ಮೂತಿ ಆಕಾಶಕ್ಕೆ ಎತ್ತಿ ಹಿಡಿದು ಕೇಳಬೇಕು. ಟ್ಯಾಂಕಿನಿಂದ ಇಂಧನ ಮೇಲಕ್ಕೆ ಹತ್ತಬೇಕಾದಾಗ ಇಂಜಿನ್ ಕುಗ್ಗಬಾರದು.

ವಾಪಸ್ ಯಾಕೆ ಬರಬೇಕು ಅಂದ್ರೆ, ನೆಲದ ಮೇಲಿನ ಲೆಕ್ಕ ಗಾಳಿಯಲ್ಲಿ ಬದಲಾಗುತ್ತೆ. ವಿಮಾನ ಓಡೋಕೆ ಶುರು ಮಾಡಿದ ಮೇಲೆ ಪ್ರೊಪೆಲರ್ ಮೇಲಿನ ಭಾರ ಇಳಿದು ಇಂಜಿನ್ ಇನ್ನೂ ಜೋರಾಗಿ ತಿರುಗುತ್ತೆ. ಟ್ಯಾಂಕಿನಲ್ಲಿ ಇಂಧನದ ಮಟ್ಟ ಇಳಿಯುತ್ತಾ ಹೋಗುತ್ತೆ. ನೆಲದ ಮೇಲೆ ತುದಿಯಲ್ಲಿ ನಿಂತಿದ್ದ ಇಂಜಿನ್ ಮೇಲೆ ಹೋದ ಮೇಲೆ ಆ ತುದಿಯಿಂದ ಆಚೆ ಬೀಳುತ್ತೆ. ನನ್ನದು ಬಿದ್ದದ್ದೂ ಹಾಗೆಯೇ.

ನಾನು ಕಾಮರ್ಸ್ ಹುಡುಗ. ಇದನ್ನು ಓದಿದಾಗ ನನಗೆ ಅನ್ನಿಸಿದ್ದು, ಇದು ವರ್ಕಿಂಗ್ ಕ್ಯಾಪಿಟಲ್ ಅಲ್ವಾ ಅಂತ. ಕೈಯಲ್ಲಿರೋ ಅಷ್ಟೂ ದುಡ್ಡನ್ನ ವ್ಯಾಪಾರಕ್ಕೆ ಹಾಕಿದರೆ ಪುಸ್ತಕದಲ್ಲಿ ಲಾಭ ಚೆನ್ನಾಗಿ ಕಾಣುತ್ತೆ. ಒಂದು ಬಿಲ್ ತಡವಾದರೆ ಅಂಗಡಿ ಮುಚ್ಚುತ್ತೆ.

ಬಾಗಿಲಲ್ಲಿ ನಿಂತ ಕಂಡಕ್ಟರ್

ಸರಿ, ಹಾಗಂತ ಸ್ಪೀಡಿನ ಕಥೆ ಸಣ್ಣದೇನಲ್ಲ. ನೀಡಲ್‌ನಿಂದ ಸಿಗೋದೆಲ್ಲ ಸಿಕ್ಕಿದ ಮೇಲೆ ಇನ್ನೂ ಶಕ್ತಿ ಬೇಕು ಅನ್ನುವವರು ಏನು ಮಾಡಿದರು? ಸೈಲೆನ್ಸರ್ ಕಡೆ ತಿರುಗಿದರು.

ಟೂ ಸ್ಟ್ರೋಕ್ ಇಂಜಿನ್ನಿಗೆ ಒಂದು ಹುಟ್ಟು ದೋಷ ಇದೆ. ಸುಟ್ಟ ಹೊಗೆ ಹೊರಗೆ ಹೋಗುವ ಕಿಂಡಿ ಮುಚ್ಚುವ ಮೊದಲೇ ಹೊಸ ಇಂಧನ ಒಳಗೆ ಬಂದಿರುತ್ತೆ. ಹಾಗಾಗಿ ಸ್ವಲ್ಪ ಇಂಧನ ಉರಿಯದೇ ಹೊಗೆಯ ಜೊತೆ ಹೊರಗೆ ಹೊರಟುಬಿಡುತ್ತೆ. ಬಸ್ಸಿನಿಂದ ಇಳಿಯುವವರ ನೂಕುನುಗ್ಗಲಲ್ಲಿ ಆಗ ತಾನೇ ಹತ್ತಿದವನೂ ಕೆಳಗೆ ಬಿದ್ದ ಹಾಗೆ.

ಇದಕ್ಕೆ ಮದ್ದು ಕಂಡುಕೊಂಡವರಲ್ಲಿ ದೊಡ್ಡ ಹೆಸರು ಪೂರ್ವ ಜರ್ಮನಿಯ ವಾಲ್ಟರ್ ಕಾಡೆನ್. ಚೋಪಾವ್ ಊರಿನ ಎಂಜೆಡ್ ಮೋಟಾರ್‌ಸೈಕಲ್ ಕಾರ್ಖಾನೆಯ ರೇಸಿಂಗ್ ವಿಭಾಗ ಅವರ ಕೈಯಲ್ಲಿತ್ತು. ಹಣ ಕಡಿಮೆ, ಒಳ್ಳೆಯ ಸಾಮಾನು ಸಿಗೋದು ಕಷ್ಟ. ಅವರು ಹೊಗೆ ಕೊಳವೆಯ ಒಳಗಿನ ಒತ್ತಡದ ಅಲೆಗಳನ್ನು ಅಳೆದರು. ಕೊಳವೆ ಮೊದಲು ಅಗಲವಾಗುತ್ತಾ ಹೋದರೆ ಒಂದು ಹೀರುವ ಅಲೆ ವಾಪಸ್ ಬಂದು ಸಿಲಿಂಡರಿನ ಹೊಗೆಯನ್ನು ಎಳೆದುಕೊಳ್ಳುತ್ತೆ. ಆಮೇಲೆ ಕಿರಿದಾಗುತ್ತಾ ಹೋದರೆ ಒಂದು ತಳ್ಳುವ ಅಲೆ ವಾಪಸ್ ಬರುತ್ತೆ. ಕಿಂಡಿ ಮುಚ್ಚುವ ಕ್ಷಣಕ್ಕೆ ಸರಿಯಾಗಿ ಅದು ಬಂದು ತಲುಪಿದರೆ, ತಪ್ಪಿಸಿಕೊಂಡು ಹೊರಟಿದ್ದ ಇಂಧನವನ್ನು ಮತ್ತೆ ಒಳಗೆ ನೂಕುತ್ತೆ. ಕಂಡಕ್ಟರ್ ಬಾಗಿಲಲ್ಲಿ ನಿಂತು "ಒಳಗೆ ನಡೀರಿ, ಒಳಗೆ ನಡೀರಿ" ಅಂತ ತಳ್ಳುತ್ತಾರಲ್ಲ, ಥೇಟ್ ಹಾಗೆ. ಅಲೆ ಬೇಗ ಬಂದರೂ ಕೆಟ್ಟಿತು, ತಡವಾಗಿ ಬಂದರೂ ಕೆಟ್ಟಿತು. ಅದಕ್ಕೇ ಕೊಳವೆಯ ಉದ್ದವನ್ನು ಇಂಜಿನ್ ತಿರುಗುವ ವೇಗಕ್ಕೆ ಹೊಂದಿಸಬೇಕು. ಕೊಳಲಿನ ಉದ್ದ ಬದಲಾದರೆ ಸ್ವರ ಬದಲಾಗಲ್ವಾ, ಅದೇ ಲೆಕ್ಕ.

1961ರ ಹೊತ್ತಿಗೆ ಕಾಡೆನ್ ಅವರ 125 ಸಿಸಿ ಇಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು. ಅಂದ್ರೆ ಲೀಟರ್ ಲೆಕ್ಕದಲ್ಲಿ 200. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ ರೇಸಿನ ಸಮಯದಲ್ಲಿ ಪೂರ್ವ ಜರ್ಮನಿ ಬಿಟ್ಟು ಪರಾರಿಯಾದರು. ಹೆಂಡತಿ ಮಕ್ಕಳನ್ನು ಮೊದಲೇ ಗುಟ್ಟಾಗಿ ಗಡಿ ದಾಟಿಸಿದ್ದರು. ಡೆಗ್ನರ್ ಹೋಗಿ ಸೇರಿದ್ದು ಜಪಾನಿನ ಸುಜುಕಿಗೆ, ಜೊತೆಗೆ ಕಾಡೆನ್ ಅವರ ವಿದ್ಯೆಯೂ ಹೋಯ್ತು. 1962ರ 50 ಸಿಸಿ ವಿಶ್ವ ಚಾಂಪಿಯನ್‌ಶಿಪ್ ಗೆದ್ದದ್ದು ಡೆಗ್ನರ್ ಮತ್ತು ಸುಜುಕಿ. ಆಮೇಲೆ ಜಪಾನಿನ ಟೂ ಸ್ಟ್ರೋಕ್ ಬೈಕುಗಳ ಯುಗ. ನಮ್ಮೂರಲ್ಲಿ ಆರ್‌ಎಕ್ಸ್ 100 ಶಬ್ದಕ್ಕೆ ಇವತ್ತಿಗೂ ತಿರುಗಿ ನೋಡ್ತೀವಲ್ಲ, ಆ ಶಬ್ದದ ವಂಶವೃಕ್ಷ ಹುಡುಕುತ್ತಾ ಹೋದರೆ ಒಂದು ಕೊಂಬೆ ಚೋಪಾವ್‌ಗೆ ಮುಟ್ಟುತ್ತೆ.

ಇದೇ ವಿದ್ಯೆ ಬೈಕಿನಿಂದ ಮಾಡೆಲ್ ವಿಮಾನಕ್ಕೂ ಇಳಿಯಿತು. ಕಂಟ್ರೋಲ್ ಲೈನ್‌ನಲ್ಲಿ ಬರೀ ವೇಗಕ್ಕೆಂದೇ ಒಂದು ವಿಭಾಗ ಇದೆ. ಇಂಜಿನ್ 2.5 ಸಿಸಿ ಮೀರುವ ಹಾಗಿಲ್ಲ. ಅಮೆರಿಕದ ಬಿಲ್ ವಿಸ್ನೀವ್ಸ್ಕಿ ತಮ್ಮ ಪುಟ್ಟ ಇಂಜಿನ್ನಿಗೆ ಟ್ಯೂನ್ಡ್ ಪೈಪ್ ಜೋಡಿಸಿ 1966ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ಗೆ ಒಯ್ದು ಗೆದ್ದರು. ಆಮೇಲೆ ಪೈಪ್ ಇಲ್ಲದೆ ಆ ವಿಭಾಗದಲ್ಲಿ ಗೆಲ್ಲುವ ಮಾತೇ ಉಳಿಯಲಿಲ್ಲ. ಈಗ ಅಲ್ಲಿ ಎಲ್ಲರಿಗೂ ಒಂದೇ ಇಂಧನ ಕೊಡ್ತಾರೆ, 80 ಪಾಲು ಮೆಥನಾಲ್, 20 ಪಾಲು ಹರಳೆಣ್ಣೆ. ಶಕ್ತಿ ಹೆಚ್ಚಿಸುವ ನೈಟ್ರೋಮೀಥೇನ್ ಬೆರೆಸುವ ಹಾಗಿಲ್ಲ. ಅಷ್ಟರಲ್ಲೇ ಆ ಇಂಜಿನ್‌ಗಳು ನಿಮಿಷಕ್ಕೆ 40,000 ಸುತ್ತಿನ ಆಸುಪಾಸು ತಿರುಗುತ್ತವೆ, ವಿಮಾನದ ವೇಗ ಗಂಟೆಗೆ 300 ಕಿ.ಮೀ. ಹತ್ತಿರ ಹೋಗುತ್ತೆ.

ನಾನು ಅವತ್ತು ಮೈದಾನದಲ್ಲಿ ಬೆನ್ನತ್ತಿದ್ದು ಈ ಕನಸನ್ನ. ಆದರೆ ಗಮನಿಸಿ: ಆ ಸ್ಪರ್ಧೆಯಲ್ಲಿ ಇಂಜಿನ್ ಪೂರ್ಣ ವೇಗದಲ್ಲಿ ಓಡಬೇಕಾದದ್ದು ಕೆಲವು ಸೆಕೆಂಡು. 1 ಕಿಲೋಮೀಟರ್ ಅಳೆದರೆ ಮುಗೀತು. ಆ ಕೆಲವು ಸೆಕೆಂಡಿಗೆ ಮಾಡಿದ ಟ್ಯೂನಿಂಗ್ ಅದು.

ಇಂಜಿನ್ 38 ಗಂಟೆ ಓಡಬೇಕಾಗಿದ್ದರೆ?

ಎಷ್ಟು ಕೊಡುತ್ತೆ?

ಈಗ ಬನ್ನಿ, ನಾನು ಹೇಳಬೇಕು ಅಂತ ಇದ್ದ ಮನುಷ್ಯನ ಹತ್ತಿರ.

ಮೇನಾರ್ಡ್ ಹಿಲ್. ಹುಟ್ಟಿದ್ದು 1926ರಲ್ಲಿ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಲೋಹಶಾಸ್ತ್ರಜ್ಞರಾಗಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಪ್ಲೈಡ್ ಫಿಸಿಕ್ಸ್ ಲ್ಯಾಬೊರೇಟರಿಯಲ್ಲಿ ಕೆಲಸ ಮಾಡಿದವರು. ಹವ್ಯಾಸ ಮಾಡೆಲ್ ವಿಮಾನ. 1970ರಲ್ಲಿ ರೇಡಿಯೋ ನಿಯಂತ್ರಿತ ಮಾಡೆಲ್ ಒಂದನ್ನು 8,200 ಮೀಟರ್ ಎತ್ತರಕ್ಕೆ ಹಾರಿಸಿದ್ದರು. ಎವರೆಸ್ಟ್‌ಗೆ 650 ಮೀಟರ್ ಕಡಿಮೆ, ಅಷ್ಟೇ. ದೂರ, ಎತ್ತರ, ಕಾಲಾವಧಿ ಅಂತ ಅವರ ಹೆಸರಲ್ಲಿದ್ದ ವಿಶ್ವದಾಖಲೆಗಳು ಒಂದೆರಡಲ್ಲ.

ನಿವೃತ್ತಿಯ ನಂತರ ಅವರು ಒಂದು ಹುಚ್ಚು ಯೋಚನೆ ಮಾಡಿದರು. ಮಾಡೆಲ್ ವಿಮಾನವನ್ನು ಅಟ್ಲಾಂಟಿಕ್ ಸಾಗರ ದಾಟಿಸಬೇಕು! ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಿಂದ ಐರ್ಲೆಂಡಿನ ಕ್ಲಿಫ್ಡೆನ್‌ಗೆ. 1919ರಲ್ಲಿ ಅಲ್ಕಾಕ್ ಮತ್ತು ಬ್ರೌನ್ ಅನ್ನುವ ಇಬ್ಬರು ಎಲ್ಲೂ ಇಳಿಯದೆ ಮೊದಲ ಬಾರಿಗೆ ಅಟ್ಲಾಂಟಿಕ್ ದಾಟಿದರಲ್ಲ, ಆ ದಾರಿಯೇ.

ಇದರಲ್ಲಿ ಕಷ್ಟ ಎಲ್ಲಿದೆ? ಆಗಿನ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಮಾಡೆಲ್ ದಾಖಲೆಯಾಗಿ ಒಪ್ಪಬೇಕಾದರೆ ಇಂಧನವೂ ಸೇರಿ ವಿಮಾನದ ತೂಕ 5 ಕಿಲೋ ಮೀರಬಾರದಿತ್ತು. ದೂರ ಸುಮಾರು 3,000 ಕಿಲೋಮೀಟರ್. ಇದು ನೋಡಿ ನನಗೆ ಇಷ್ಟವಾಗುವ ಥರದ ಲೆಕ್ಕ. ಬಜೆಟ್ ಕಟ್ಟುನಿಟ್ಟು. ಒಂದು ಗ್ರಾಂ ಮರಕ್ಕೆ ಖರ್ಚಾದರೆ ಒಂದು ಗ್ರಾಂ ಇಂಧನ ಕಡಿತ. ಕೊನೆಗೆ ಹಿಲ್ ಕಟ್ಟಿದ ವಿಮಾನದ ತೂಕದಲ್ಲಿ ಸುಮಾರು ಅರ್ಧ ಇಂಧನವೇ ಆಗಿತ್ತು.

ಈಗ ಇಂಜಿನ್. ನಾವು ಇಲ್ಲಿಯವರೆಗೆ ಕೇಳಿದ ಒಂದೊಂದು ಜಾಣತನವನ್ನೂ ಹಿಲ್ ಹೇಗೆ ಉಲ್ಟಾ ಮಾಡಿದರು ನೋಡಿ.

ಒಂದು. ಮೆಥನಾಲ್ ಬಿಟ್ಟರು. ಒಂದು ಕಿಲೋ ಮೆಥನಾಲ್‌ನಲ್ಲಿರುವ ಶಕ್ತಿ, ಒಂದು ಕಿಲೋ ಪೆಟ್ರೋಲ್‌ನಲ್ಲಿರುವುದರ ಅರ್ಧಕ್ಕಿಂತ ಕಡಿಮೆ. ಶಕ್ತಿ ಬೇಕಾದಾಗ ಮೆಥನಾಲ್ ಚೆನ್ನ, ಯಾಕಂದ್ರೆ ಅದನ್ನು ಒಂದೇ ಸಲಕ್ಕೆ ಜಾಸ್ತಿ ಸುರಿಯಬಹುದು. ತೂಕ ಹೊತ್ತು ದೂರ ಹೋಗಬೇಕಾದಾಗ ಅದು ದುಬಾರಿ. ಹಿಲ್ ಆರಿಸಿಕೊಂಡದ್ದು ಕ್ಯಾಂಪಿಂಗ್ ಲಾಂದ್ರಕ್ಕೆ ಹಾಕುವ ಕೋಲ್‌ಮನ್ ಇಂಧನ. ಒಂಥರಾ ಶುದ್ಧ ಮಾಡಿದ ಪೆಟ್ರೋಲ್.

ಎರಡು. ಗ್ಲೋ ಪ್ಲಗ್ ಬಿಟ್ಟರು. ಪ್ಲಾಟಿನಂ ಜೊತೆ ಮೆಥನಾಲ್ ಮಾಡುವ ಆಟ ಪೆಟ್ರೋಲ್ ಮಾಡಲ್ಲ. ಹಾಗಾಗಿ ಸ್ಪಾರ್ಕ್ ಹಾಕಿದರು. 1947ರಲ್ಲಿ ಆರ್ಡೆನ್ ಇಳಿಸಿದ ಹೊರೆಯನ್ನು ಹಿಲ್ ಮತ್ತೆ ಹೊತ್ತರು. ಎಲೆಕ್ಟ್ರಾನಿಕ್ಸ್ ಬಂದಿದ್ದರಿಂದ ಹೊರೆ ಈಗ ಮೊದಲಿನಷ್ಟು ಭಾರವಿರಲಿಲ್ಲ. ಕಳೆದುಹೋಗಿದ್ದ ಎರಡನೇ ಹಿಡಿತ, ಯಾವ ಕ್ಷಣಕ್ಕೆ ಕಿಡಿ ಹಾರಬೇಕು ಅನ್ನುವುದು, ಮತ್ತೆ ಕೈಗೆ ಬಂತು.

ಮೂರು. ಟೂ ಸ್ಟ್ರೋಕ್ ಬಿಟ್ಟರು. ಕಾಡೆನ್ ಕೊಳವೆಯಿಂದ ವಾಪಸ್ ತಳ್ಳುತ್ತಿದ್ದ ಆ ಸೋರಿಕೆ, ಫೋರ್ ಸ್ಟ್ರೋಕ್‌ನಲ್ಲಿ ಮೊದಲಿಗೇ ಬಹಳ ಕಡಿಮೆ. ಜಪಾನಿನ ಓಎಸ್ ಕಂಪನಿಯ 10 ಸಿಸಿ ಫೋರ್ ಸ್ಟ್ರೋಕ್ ಇಂಜಿನ್ ತೆಗೆದುಕೊಂಡು ಅದರ ಕಾರ್ಬುರೇಟರನ್ನು ತಮಗೆ ಬೇಕಾದ ಹಾಗೆ ಬದಲಿಸಿಕೊಂಡರು.

ನಾಲ್ಕು. ನಿಧಾನ ಮಾಡಿದರು. ವೇಗದವರು ನಿಮಿಷಕ್ಕೆ 40,000 ಸುತ್ತು ತಿರುಗಿಸುತ್ತಾರೆ. ಹಿಲ್ ಅವರ ಇಂಜಿನ್ ನಿಮಿಷಕ್ಕೆ 4,000ದ ಆಸುಪಾಸು.

ಇನ್ನೊಂದು ವಿಷಯ ಗಮನಿಸಿ. 10 ಸಿಸಿ, ಪೆಟ್ರೋಲ್, ಸ್ಪಾರ್ಕ್. ಇದು 1933ರ ಬ್ರೌನ್ ಜೂನಿಯರ್‌ನ ಅಳತೆಯೇ. 70 ವರ್ಷ ಮುಂದೆ ಓಡಿದ ಹವ್ಯಾಸದಲ್ಲಿ ಒಬ್ಬರು ಹಿಂದಕ್ಕೆ ನಡೆದು ಹಳೆಯ ಅಂಗಡಿಯಿಂದ ತಮಗೆ ಬೇಕಾದ ಸಾಮಾನು ಆರಿಸಿ ತಂದರು.

ನಾನು ಇನ್ನೊಂದು ಹೇಳಲಿಲ್ಲ. ಈ ಕೆಲಸ ಮಾಡುವಾಗ ಹಿಲ್ ಅವರಿಗೆ ಕಾನೂನಿನ ಲೆಕ್ಕದಲ್ಲಿ ಅಂಧರು ಅನ್ನುವಷ್ಟು ದೃಷ್ಟಿ ಹೋಗಿತ್ತು. ಕಿವಿಯೂ ಮಂದ. ನಾನು ಒಳ್ಳೆಯ ಕಿವಿ ಇಟ್ಟುಕೊಂಡು ಒಂದು ಇಂಜಿನ್ನನ್ನು ಹಾಳು ಮಾಡಿದವನು. ಅವರು ಬೆಂಚಿನ ಮೇಲೆ ಇಂಜಿನ್ ಕೂರಿಸಿ, ಗಂಟೆಗೆ ಎಷ್ಟು ಇಂಧನ ಕುಡಿಯಿತು ಅಂತ ಅಳೆದು, ಬರೆದು, ಮತ್ತೆ ಬದಲಿಸಿ, ಹೀಗೆ ವರ್ಷಗಟ್ಟಲೆ ಗೆಳೆಯರ ತಂಡ ಕಟ್ಟಿಕೊಂಡು ಕೆಲಸ ಮಾಡಿದರು.

38 ಗಂಟೆ 52 ನಿಮಿಷ

2002ರ ಪ್ರಯತ್ನಗಳು ಸೋತವು. ವಿಮಾನಗಳು ಸಮುದ್ರದ ಪಾಲಾದವು. 2003ರ ಆಗಸ್ಟ್‌ನಲ್ಲಿ ತಂಡ ಮತ್ತೆ ನ್ಯೂಫೌಂಡ್‌ಲ್ಯಾಂಡ್‌ಗೆ ಬಂತು. ಆಗಸ್ಟ್ 9ರ ಸಂಜೆ, ಕೇಪ್ ಸ್ಪಿಯರ್ ಅನ್ನುವ ಜಾಗದಲ್ಲಿ ಟ್ಯಾಮ್ 5 ಅನ್ನುವ ವಿಮಾನವನ್ನು ಕೈಯಿಂದ ಎಸೆದು ಹಾರಿಸಿದರು. ಅದಕ್ಕೆ ಇನ್ನೊಂದು ಹೆಸರೂ ಇತ್ತು: ಸ್ಪಿರಿಟ್ ಆಫ್ ಬಟ್ಸ್ ಫಾರ್ಮ್. ಪರೀಕ್ಷಾ ಹಾರಾಟಕ್ಕೆ ಜಾಗ ಕೊಟ್ಟ ರೈತನ ಹೊಲದ ಹೆಸರು.

ಮೊದಲು ರೇಡಿಯೋ ನಿಯಂತ್ರಣ, ಆಮೇಲೆ ಜಿಪಿಎಸ್ ನೋಡಿಕೊಂಡು ಹೋಗುವ ಆಟೋಪೈಲಟ್. ವಿಮಾನ ಎಲ್ಲಿದೆ ಅಂತ ಉಪಗ್ರಹದ ಮೂಲಕ ಆಗಾಗ ಸುದ್ದಿ ಬರುತ್ತಿತ್ತು. ನಡುವೆ ಕೆಲವು ಗಂಟೆ ಸುದ್ದಿಯೇ ನಿಂತುಹೋಯ್ತು. ಯೋಚನೆ ಮಾಡಿ, ಕೆಳಗೆ ಅಟ್ಲಾಂಟಿಕ್, ರಾತ್ರಿ, 5 ಕಿಲೋ ತೂಕದ ಬಾಲ್ಸಾ ವಿಮಾನ, ಫೋನ್ ಮೌನ. ಇಂಜಿನ್ ನಿಂತಿದೆಯೋ, ಬರೀ ಸಿಗ್ನಲ್ ಹೋಗಿದೆಯೋ ಯಾರಿಗೂ ಗೊತ್ತಿಲ್ಲ. ಆಮೇಲೆ ಮತ್ತೆ ಸುದ್ದಿ ಬಂತು. ಹಾರ್ತಾ ಇದೆ!

ಆಗಸ್ಟ್ 11ರಂದು ಐರ್ಲೆಂಡಿನ ಮ್ಯಾನಿನ್ ಬೀಚ್ ಹತ್ತಿರ ಕಾಯುತ್ತಿದ್ದ ಡೇವ್ ಬ್ರೌನ್ ಟ್ರಾನ್ಸ್‌ಮಿಟರ್‌ನಿಂದ ನಿಯಂತ್ರಣ ತೆಗೆದುಕೊಂಡು ವಿಮಾನವನ್ನು ಹುಲ್ಲಿನ ಮೇಲೆ ಇಳಿಸಿದರು. ದೂರ 3,028 ಕಿಲೋಮೀಟರ್. ಕಾಲ 38 ಗಂಟೆ 52 ನಿಮಿಷ 19 ಸೆಕೆಂಡ್. ತುಂಬಿಸಿದ್ದ ಇಂಧನ ಒಂದು ಅಮೆರಿಕನ್ ಗ್ಯಾಲನ್‌ಗಿಂತಲೂ ಕಡಿಮೆ, ಅಂದರೆ 3.8 ಲೀಟರಿನ ಒಳಗೆ. ಇಳಿದಾಗ ಟ್ಯಾಂಕಿನಲ್ಲಿ ಉಳಿದದ್ದು ತಳ ಕಾಣುವಷ್ಟು.

ಕ್ಯಾಲ್ಕುಲೇಟರ್ ತೆಗೀರಿ. 3,028ನ್ನು 3.8ರಿಂದ ಭಾಗಿಸಿ. ಸುಮಾರು 800. ನಮ್ಮೂರಲ್ಲಿ ಯಾರಾದರೂ ಹೊಸ ಗಾಡಿ ತಂದರೆ ಕೇಳುವ ಮೊದಲ ಪ್ರಶ್ನೆ "ಎಷ್ಟು ಕೊಡುತ್ತೆ?" ಅಲ್ವಾ? ಹಿಲ್ ಅವರ ಉತ್ತರ: ಲೀಟರಿಗೆ 800. ಗಂಟೆಗೆ ಕುಡಿದದ್ದು 100 ಮಿಲಿಲೀಟರ್‌ಗಿಂತ ಕಡಿಮೆ, ದರ್ಶಿನಿಯ ಒಂದು ಲೋಟ ಕಾಫಿಯಷ್ಟು. ಅಷ್ಟು ಕುಡಿದು ಗಂಟೆಗೆ ಸರಾಸರಿ 78 ಕಿಲೋಮೀಟರ್ ಹೋಗಿದೆ. ಆ 38 ಗಂಟೆಯಲ್ಲಿ ಆ ಪುಟ್ಟ ಪಿಸ್ಟನ್ ಸುಮಾರು 90 ಲಕ್ಷ ಸಲ ಮೇಲೆ ಕೆಳಗೆ ಹೋಗಿ ಬಂದಿದೆ, ಒಂದೇ ಒಂದು ಸಲವೂ ನಿಲ್ಲದೆ. ಹಿಂದಿನಿಂದ ಗಾಳಿಯ ಸಹಾಯ ಇತ್ತು ನಿಜ. ಆದರೆ ಗಾಳಿ ಇದ್ದರೂ ಇಂಜಿನ್ ನಿಂತರೆ ಉಳಿಯೋದು ಸಮುದ್ರವೇ.

ಹಿಲ್ 2011ರಲ್ಲಿ ತೀರಿಕೊಂಡರು.

ಕೊನೆಯ ಮಾತು

ವಿಸ್ನೀವ್ಸ್ಕಿ ಅವರ ಟ್ಯೂನಿಂಗ್ ದೊಡ್ಡದೋ, ಹಿಲ್ ಅವರದ್ದು ದೊಡ್ಡದೋ ಅಂತ ತೂಗಿ ನೋಡೋದು ನನಗೆ ಬೇಕಿಲ್ಲ. ಒಬ್ಬರಿಗೆ ಬೇಕಿದ್ದದ್ದು 1 ಕಿಲೋಮೀಟರ್, ಇನ್ನೊಬ್ಬರಿಗೆ 3,000. ಅದನ್ನು ಮೊದಲು ತೀರ್ಮಾನ ಮಾಡಿಕೊಂಡು, ಆಮೇಲೆ ತಿರುಪಿಗೆ ಕೈ ಹಾಕಿದರು. ಅವತ್ತು ಮೈದಾನದಲ್ಲಿ ನಮ್ಮ ವಿಮಾನ ಹಾರಬೇಕಾಗಿದ್ದದ್ದು ಮೂರು ನಿಮಿಷ, ಜೂನಿಯರ್ ಹುಡುಗರು ನೋಡಲಿ ಅಂತ. ಅದಕ್ಕೆ ಗುರ್ ಅನ್ನುವ ಶಬ್ದ ಸಾಕಿತ್ತು. ನಾನು ಯಾರಿಗೂ ಬೇಡದ ವೇಗವನ್ನು ಹುಡುಕಿ ಹೋಗಿ ಎಲ್ಲರ ಇಂಜಿನ್ ಕಳೆದೆ.

ಕಾಲೇಜು ಮುಗಿಸಿ ಹೊರಡುವಾಗ ಆ ಸರ್ ಹಳೇ ಪಿಸ್ಟನ್ನನ್ನು ನನ್ನ ಕೈಗಿಟ್ಟರು. ಈಗ ಅದು ನನ್ನ ಮೈಕ್ ಪಕ್ಕದಲ್ಲೇ ಇದೆ. ಹೆಬ್ಬೆರಳ ಉಗುರಿನಷ್ಟು ಅಗಲ. ಒಂದು ಬದಿಗೆ ಉದ್ದುದ್ದ ಗೀರುಗಳು, ಎಣ್ಣೆ ಸಿಗದೆ ಲೋಹ ಲೋಹಕ್ಕೆ ಉಜ್ಜಿದ್ದು. ಸಂಚಿಕೆ ರೆಕಾರ್ಡ್ ಮಾಡುವಾಗ ಕೆಲವು ಸಲ ಅದನ್ನು ಬೆರಳಲ್ಲಿ ತಿರುಗಿಸ್ತಾ ಕೂರ್ತೀನಿ.

ನಿಮ್ಮೂರಿನ ಗ್ಯಾರೇಜಿನಲ್ಲಿ ಹಳೇ ಯೆಜ್ಡಿಯೋ, ಆರ್‌ಎಕ್ಸೋ ಟ್ಯೂನ್ ಮಾಡುವ ಹಿರಿಯರು ಯಾರಾದರೂ ಇದ್ದಾರಾ? ಕಾರ್ಬುರೇಟರ್ ತಿರುಪು ಎಲ್ಲಿ ನಿಲ್ಲಿಸಬೇಕು ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ ಅಂತ ಕೇಳಿ, ಅವರು ಒಪ್ಪಿದರೆ ಮಾತ್ರ ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಕೇಳಿಸ್ತೀನಿ. ಹಾಗೇ, ಅವರು ಮಾತಾಡುವಾಗ ಇಂಜಿನ್ ಓಡ್ತಾ ಇದ್ದರೆ ಆಫ್ ಮಾಡಿಸಬೇಡಿ.